ನಾರ್ವೆಯ ಅಜ್ಜಿ, ವೇಲ್ಸಿನ ಆದೇಶ ಸಂಧಿ

ನಾರ್ವೆಯ ಭಾಷೆ ಮೊದಲು ನನ್ನ ಕಿವಿಗೆ ಬಿದ್ದದ್ದು ದೊಡ್ಡಬೆಳವಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಬಿ.ಎ. ಕೊನೆಯ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಾ ಮನೆಯಲ್ಲಿದ್ದೆ. ರೈತರ ಕಾರ್ಯಕ್ರಮ ಕೇಳಲು ಅಪ್ಪ ಕೊಂಡಿದ್ದ ರೇಡಿಯೋದಲ್ಲಿ ಶಾರ್ಟ್‌ವೇವ್ ಕೂಡ ಇತ್ತು. ಅದರ ಗುಂಡಿಯನ್ನು ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಒಂದು ಸಂಜೆ ಸುಮ್ಮನೆ ತಿರುಗಿಸುತ್ತಾ ಹೋದಾಗ ಒಬ್ಬ ಹೆಂಗಸಿನ ದನಿ ಸಿಕ್ಕಿತು. ಇಂಗ್ಲಿಷ್ ಅಲ್ಲ, ಜರ್ಮನ್ ಅಲ್ಲ. ಪ್ರತಿ ವಾಕ್ಯವೂ ಕೊನೆಗೆ ಬರುವ ಹೊತ್ತಿಗೆ ಮೇಲಕ್ಕೆ ಏಳುತ್ತಿತ್ತು, ಏನನ್ನೋ ಕೇಳಿ ಉತ್ತರಕ್ಕೆ ಕಾಯದೆ ಮುಂದೆ ಹೋದಂತೆ. ನಡುನಡುವೆ ನಮ್ಮ ಟ, ಡ, ಣ, ಳ ಸ್ಪಷ್ಟವಾಗಿ ಕೇಳಿಸುತ್ತಿದ್ದವು. ಯೂರೋಪಿನವರ ಬಾಯಲ್ಲಿ ಣಕಾರ ಕೇಳಿ ನನಗೆ ಆಶ್ಚರ್ಯವಾಯಿತು. ಕೊನೆಯಲ್ಲಿ ಇಂಗ್ಲಿಷಿನಲ್ಲಿ ವಿಳಾಸ ಹೇಳಿದಾಗ ಅದು ನಾರ್ವೆ ದೇಶದ ರೇಡಿಯೋ ಎಂದು ತಿಳಿಯಿತು.

ಆ ವಿಳಾಸಕ್ಕೆ ಒಂದು ಪತ್ರ ಹಾಕಿದೆ. ನನಗೆ ನಿಮ್ಮ ಭಾಷೆ ಕಲಿಯುವ ಆಸೆ, ಪುಸ್ತಕ ಎಲ್ಲಿ ಸಿಗುತ್ತದೆ ಎಂದಷ್ಟೇ ಬರೆದಿದ್ದೆ. ಮಳೆಗಾಲ ಶುರುವಾದ ಮೇಲೆ ಅಂಚೆಯಣ್ಣ ಒಂದು ದಪ್ಪ ಲಕೋಟೆ ತಂದುಕೊಟ್ಟರು. ಒಳಗೆ ವಿದೇಶಿಯರಿಗಾಗಿ ಮಾಡಿದ ಸಣ್ಣ ಪಾಠದ ಪುಸ್ತಕ, ಜೊತೆಗೆ ಒಂದು ಸಮುದ್ರದ ಚಿತ್ರ. ಅಪ್ಪ ಪುಸ್ತಕವನ್ನು ತಿರುಗಿಸಿ ನೋಡಿ, ಇದನ್ನು ಕಲಿತರೆ ಕೆಲಸ ಸಿಗುತ್ತದೆಯೇ ಎಂದು ಕೇಳಿದರು. ಇಲ್ಲ ಅಂದೆ. ಅವರು ಚಿತ್ರವನ್ನು ಮಾತ್ರ ತೆಗೆದುಕೊಂಡು ಗೋಡೆಗೆ ಅಂಟಿಸಿದರು.

ಹೀಗೆ ಶುರುವಾಯಿತು. ಕೊಟ್ಟಿಗೆ ಗುಡಿಸುವಾಗ, ರಾಗಿ ಹಸನು ಮಾಡುವಾಗ ಎದುರಿಗಿದ್ದ ವಸ್ತುಗಳ ಹೆಸರು ಹೇಳಿಕೊಳ್ಳುತ್ತಿದ್ದೆ. ಹಸುವಿಗೆ ಅವರು ‘ಕೂ’ ಅನ್ನುತ್ತಾರೆ, ನೀರಿಗೆ ‘ವನ್’, ಮಗುವಿಗೆ ‘ಬಾಣ್’. ಸಂಜೆ ರೇಡಿಯೋ ಹಚ್ಚಿ ಗೊತ್ತಿರುವ ಒಂದೇ ಒಂದು ಪದಕ್ಕಾಗಿ ಕಿವಿಗೊಟ್ಟು ಕೂರುತ್ತಿದ್ದೆ. ಮೊದಮೊದಲು ಒಂದೂ ಸಿಗುತ್ತಿರಲಿಲ್ಲ. ಆಮೇಲೆ ಅಲ್ಲೊಂದು ಇಲ್ಲೊಂದು, ಆಮೇಲೆ ಅರ್ಧ ವಾಕ್ಯ. ಮೀನಿನ ಬೆಲೆ ಏರಿದೆ ಎಂಬ ಸುದ್ದಿ ಪೂರ್ತಿ ಅರ್ಥವಾದ ದಿನ ಅಮ್ಮನಿಗೆ ಓಡಿ ಹೋಗಿ ಹೇಳಿದೆ. ಅಮ್ಮ ಮೀನು ತಿನ್ನುತ್ತಿರಲಿಲ್ಲ.

ಇಂಗ್ಲೆಂಡಿನ ಪಕ್ಕಕ್ಕಿರುವ ವೇಲ್ಸಿನ ಭಾಷೆ ಸಿಕ್ಕಿದ್ದು ಬೇರೆ ರೀತಿ. ಬಿ.ಎಡ್. ಗೈಡು ಹುಡುಕಿಕೊಂಡು ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋಗಿದ್ದೆ. ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ರಟ್ಟು ಕಿತ್ತುಹೋದ ಒಂದು ಪುಸ್ತಕ ಬಿದ್ದಿತ್ತು. ಮುಖಪುಟದ ಜೊತೆ ಮೊದಲ ಪಾಠಗಳೂ ಹೋಗಿದ್ದವು. ಸ್ವರವೇ ಇಲ್ಲದ ಪದಗಳನ್ನು ಕಂಡು ಅಚ್ಚಿನ ತಪ್ಪು ಇರಬೇಕು ಅಂದುಕೊಂಡೆ. ಆದರೆ ಪುಟದ ತಲೆಯ ಮೇಲೆ ವೇಲ್ಸ್ ಭಾಷೆಯ ವ್ಯಾಕರಣ ಎಂದಿತ್ತು. ತೆರೆದ ಪುಟದಲ್ಲೇ ಒಂದು ಪಟ್ಟಿ. ಪದದ ಮೊದಲಲ್ಲಿರುವ ಕ ಗ ಆಗುತ್ತದೆ, ತ ದ ಆಗುತ್ತದೆ, ಪ ಬ ಆಗುತ್ತದೆ ಅಂತ.

ನಾನು ಆ ರಸ್ತೆಯ ಗಲಾಟೆಯಲ್ಲಿ ನಿಂತು ಅದನ್ನೇ ಮತ್ತೆ ಮತ್ತೆ ಓದಿದೆ. ಹೈಸ್ಕೂಲಿನಲ್ಲಿ ಬೆಂಚಿನ ಮೇಲೆ ನಿಲ್ಲಿಸಿ ನಮ್ಮಿಂದ ಬಾಯಿಪಾಠ ಮಾಡಿಸಿದ್ದ ಆದೇಶ ಸಂಧಿ ಅದು. ಮಳೆ ಕಾಲ ಸೇರಿ ಮಳೆಗಾಲ, ಬೆಟ್ಟ ತಾವರೆ ಸೇರಿ ಬೆಟ್ಟದಾವರೆ, ಕಣ್ ಪನಿ ಸೇರಿ ಕಂಬನಿ. ಅವರಲ್ಲಿ ಅಪ್ಪನಿಗೆ ‘ತಾದ್’. ‘ಅವನ ಅಪ್ಪ’ ಅನ್ನುವಾಗ ತಾದ್ ಹೋಗಿ ‘ದಾದ್’ ಆಗುತ್ತದೆ. ‘ಅವಳ ಅಪ್ಪ’ ಅನ್ನಬೇಕಾದರೆ ‘ಥಾದ್’. ಅವನ, ಅವಳ ಎರಡಕ್ಕೂ ಪದ ಒಂದೇ. ಅಪ್ಪನ ಮೊದಲ ಅಕ್ಷರ ನೋಡಿ ಮಗನೋ ಮಗಳೋ ಎಂದು ತಿಳಿಯಬೇಕು. ಗೈಡು ಅವತ್ತು ಸಿಗಲಿಲ್ಲ. ಈ ಪುಸ್ತಕ ಹಿಡಿದುಕೊಂಡು ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆ.

ಒಂದೊಂದೇ ಪಾಠ ಓದಿದ ಹಾಗೆ ಆ ಭಾಷೆ ನನಗೆ ಇಂಗ್ಲಿಷಿಗಿಂತ ಹತ್ತಿರವಾಗಿ ಕಂಡಿತು. ಅವರು ಇಂಗ್ಲಿಷಿನವರಂತೆ ಒಂದು ಹೌದು, ಒಂದು ಇಲ್ಲ ಇಟ್ಟುಕೊಂಡು ಎಲ್ಲ ಪ್ರಶ್ನೆಗೂ ಅದನ್ನೇ ಹೇಳುವುದಿಲ್ಲ. ಹಾಲು ಇದೆಯಾ ಅಂದರೆ ‘ಇದೆ’ ಅನ್ನಬೇಕು, ಬರ್ತೀಯಾ ಅಂದರೆ ‘ಬರ್ತೀನಿ’ ಅನ್ನಬೇಕು. ಮನೆಯನ್ನು ‘ಹೊಂದಿದ್ದೇನೆ’ ಅನ್ನುವುದಿಲ್ಲ, ‘ನನಗೆ ಮನೆ ಇದೆ’ ಅನ್ನುತ್ತಾರೆ. ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸುತ್ತಿತ್ತು. ಹೇಳಿದರೆ ಕೇಳುವವರು ನಮ್ಮ ಸುತ್ತಮುತ್ತ ಇರಲಿಲ್ಲ.

ಮದುವೆ ಮಾತುಕತೆಯಲ್ಲಿ ಹುಡುಗ, ಅಂದರೆ ನಮ್ಮ ಯಜಮಾನರು, ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದ್ದರು. ನಾರ್ವೇಜಿಯನ್ ಓದುತ್ತೇನೆ ಅಂದೆ. ಅದು ಯಾವುದೋ ಕೋರ್ಸು, ಕೊನೆಗೆ ಸರ್ಟಿಫಿಕೇಟು ಕೊಡುತ್ತಾರೆ ಎಂದು ಅವರು ತಿಳಿದಿದ್ದರಂತೆ. ಮದುವೆಯಾಗಿ ಹೊಸಕೋಟೆಗೆ ಬಂದ ಮೇಲೆ ಗೊತ್ತಾಗಿ ನಕ್ಕರು, ಬೇಡ ಅನ್ನಲಿಲ್ಲ. ಅವರು ಅಲ್ಲಿನ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕಿದ್ದರು. ನನಗೆ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವ ಕೆಲಸ ಸಿಕ್ಕಿತು. ಆದೇಶ ಸಂಧಿ ಪಾಠ ಮಾಡುವಾಗ ವೇಲ್ಸಿನ ಅಪ್ಪಂದಿರು ಬಾಯಿಯವರೆಗೆ ಬರುತ್ತಿದ್ದರು. ಮಕ್ಕಳಿಗೆ ಗೊಂದಲವಾದೀತು ಎಂದು ನುಂಗಿಕೊಳ್ಳುತ್ತಿದ್ದೆ.

ಮನೆಯಲ್ಲಿ ಅತ್ತೆ ಇದ್ದರು. ಅವರ ತವರು ಗಡಿಯಾಚೆ, ತೆಲುಗು ನಾಡಿನಲ್ಲಿ. ಕನ್ನಡ ಕಲಿತದ್ದು ಮದುವೆಯಾದ ಮೇಲೆ. ವೇಲ್ಸಿನವರಿಗೆ ಒಂದು ವಿಚಿತ್ರ ಲಕಾರವಿದೆ. ನಾಲಿಗೆಯನ್ನು ಲ ಅನ್ನಲು ಇಟ್ಟು, ದನಿ ಹೊರಡಿಸದೆ ಪಕ್ಕದಿಂದ ಗಾಳಿ ಊದಬೇಕು. ಪುಸ್ತಕದ ನಡುವೆ ಯಾವುದೋ ಅಡಿಟಿಪ್ಪಣಿಯಲ್ಲಿ ಅಷ್ಟು ಬರೆದಿತ್ತು. ನಾನು ಅಡುಗೆಮನೆಯಲ್ಲಿ ಅದನ್ನು ರೂಢಿ ಮಾಡುವಾಗ ಅತ್ತೆ ಒಂದೆರಡು ದಿನ ಸುಮ್ಮನೆ ನೋಡಿದರು. ಆಮೇಲೆ ಹಲ್ಲಿನ ಸಂದಿಯಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ವಿಚಾರಿಸಿದರು. ಇನ್ನೊಂದು ಭಾಷೆಯ ಅಕ್ಷರ ಅಂದಾಗ ಅವರಿಗೆ ನಗು ಬಂತು. ತಮಗೆ ಕನ್ನಡ ಕಲಿಯಲು ಪುಸ್ತಕ ಇರಲಿಲ್ಲ, ಬೈಗುಳ ತಿಂದು ಕಲಿತದ್ದು ಎಂದು ಹೇಳಿದರು.

ತೊಂಬತ್ತರ ದಶಕದ ನಡುವಿನಲ್ಲಿ ಒಂದು ದಿನ ಯಜಮಾನರು ಕೆಲಸದಿಂದ ಬಂದವರೇ, ಚಪ್ಪಲಿ ಬಿಡುವ ಮೊದಲೇ, “ಲೇ, ನಿನ್ನ ಭಾಷೆಯೋರು ಬಂದವ್ರೆ ಕಣೇ” ಅಂದರು. ಕಾರ್ಖಾನೆಗೆ ಹೊಸ ಯಂತ್ರ ತರಿಸಿದ್ದರು, ಅದನ್ನು ಕೂರಿಸಲು ನಾರ್ವೆಯಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಮಳೆಗಾಲದವರೆಗೂ ಇರುವವನು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಕಂಪನಿಯವರು ಮನೆ ಹಿಡಿದುಕೊಟ್ಟಿದ್ದರು. ಜೊತೆಗೆ ಅವನ ತಾಯಿಯೂ ಬಂದಿದ್ದರು. ಗಂಡ ತೀರಿಕೊಂಡು ಒಬ್ಬರೇ ಇದ್ದಾರೆ, ಚಳಿಗಾಲವನ್ನಾದರೂ ಬಿಸಿಲಿನಲ್ಲಿ ಕಳೆಯಲಿ ಎಂದು ಕರೆದುಕೊಂಡು ಬಂದಿದ್ದನಂತೆ.

ಭಾನುವಾರ ನಾನು ರೇಷ್ಮೆ ಸೀರೆ ಉಟ್ಟು ಯಜಮಾನರ ಜೊತೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಇಷ್ಟು ವರ್ಷದಲ್ಲಿ ನಾನು ಆ ಭಾಷೆಯನ್ನು ಒಬ್ಬ ಮನುಷ್ಯನ ಎದುರು ಆಡಿರಲಿಲ್ಲ. ಬಾಗಿಲು ತೆಗೆದ ಎಂಜಿನಿಯರಿಗೆ ನಮಸ್ಕಾರ ಹೇಳಿ, ನನ್ನ ಹೆಸರು ಹೇಳಿ, ನಮ್ಮದು ರೈತರ ಕುಟುಂಬ ಎಂದೆ. ಅವನು ಕಣ್ಣರಳಿಸಿ ನೋಡಿದ. ಆಮೇಲೆ ಒಳ್ಳೆಯ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಅವನ ಇಂಗ್ಲಿಷ್ ನನ್ನ ಇಂಗ್ಲಿಷಿಗಿಂತ ಎಷ್ಟೋ ಚೆನ್ನಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಸಂಕೋಚದಿಂದಲೇ ಒಂದು ವಿಷಯ ತಿಳಿಸಿದ. ಅವರಲ್ಲಿ ರೈತರಿಗೂ ಹುರುಳಿಕಾಯಿಗೂ ಪದ ಹೆಚ್ಚುಕಡಿಮೆ ಒಂದೇ, ದನಿಯ ಏರಿಳಿತ ಮಾತ್ರ ಬೇರೆ. ನಾನು ನಮ್ಮ ಮನೆಯವರೆಲ್ಲ ಹುರುಳಿಕಾಯಿಗಳು ಎಂದು ಹೇಳಿದ್ದೆ. ಯಜಮಾನರು ಇದನ್ನು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಹೇಳಿಕೊಂಡು ನಕ್ಕರು.

ನಮ್ಮ ಮಾತು ಕೇಳಿ ಒಳಗಿನಿಂದ ಅವನ ತಾಯಿ ಬಂದರು. ಎತ್ತರದ ಹೆಂಗಸು, ಬೆಳ್ಳನೆಯ ಕೂದಲನ್ನು ಗಿಡ್ಡವಾಗಿ ಕತ್ತರಿಸಿದ್ದರು, ಕೈಗಳು ನಮ್ಮ ಅಮ್ಮನ ಕೈಗಳಂತೆ ಒರಟಾಗಿದ್ದವು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಅವರ ಭಾಷೆ ಆಡಿದ್ದು ಕೇಳಿ ನನ್ನ ಎರಡೂ ಕೈ ಹಿಡಿದುಕೊಂಡು ಉದ್ದಕ್ಕೆ ಮಾತಾಡಿದರು. ಮೊದಲಿಗೆ ನನಗೆ ಒಂದು ಪದವೂ ತಿಳಿಯಲಿಲ್ಲ. ರೇಡಿಯೋದವರು ‘ಯಾಯ್’ ಅನ್ನುವ ‘ನಾನು’ ಇವರ ಬಾಯಲ್ಲಿ ‘ಎಗ್’ ಆಗಿತ್ತು. ‘ಇಕ್ಕೆ’ ಎಂದು ನಾನು ಕಲಿತಿದ್ದ ‘ಅಲ್ಲ’ ಇವರಲ್ಲಿ ‘ಇಶ್ಯೆ’ ಎಂಬಂತೆ ಕೇಳಿಸಿತು. ನಾನು ಮೆಚ್ಚಿಕೊಂಡಿದ್ದ ಣಕಾರ ಇರಲೇ ಇಲ್ಲ. ‘ಬಾಣ್’ ಅನ್ನು ಅವರು ‘ಬಾದ್ನ್’ ಅಂದರು. ಅವರು ಪಶ್ಚಿಮ ಕರಾವಳಿಯ ಹಳ್ಳಿಯವರು, ಕುರಿ ಮತ್ತು ಆಲೂಗೆಡ್ಡೆಯ ಒಕ್ಕಲುತನ. ಆ ಕಡೆಯ ಮಾತೇ ಬೇರೆ, ಅದಕ್ಕೆ ಬರವಣಿಗೆಯೂ ಬೇರೆ ಇದೆ ಎಂದು ಮಗ ವಿವರಿಸಿದ. ನನ್ನ ಮಾತು ಕೇಳಿದರೆ ವಾರ್ತೆ ಓದುವವರು ಮನೆಗೆ ಬಂದ ಹಾಗಿದೆ ಎಂದು ತಾಯಿ ಹೇಳಿದ್ದನ್ನೂ ಅವನೇ ತಿಳಿಸಿದ.

ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮಾರನೆಯ ದಿನ ಶಾಲೆಯಲ್ಲಿ ಮಕ್ಕಳು ‘ಬರ್ತೀನಿ ಮಿಸ್’ ಎಂದು ಹೇಳಿ ಪುಸ್ತಕದಲ್ಲಿ ‘ಬರುತ್ತೇನೆ’ ಎಂದು ಬರೆಯುವುದನ್ನು ನೋಡುತ್ತಾ ನಿಂತಾಗ, ನಮ್ಮ ಕನ್ನಡವನ್ನು ಯಾರಾದರೂ ಬರೀ ವಾರ್ತೆ ಕೇಳಿ ಕಲಿತು ದೊಡ್ಡಬೆಳವಂಗಲದಲ್ಲಿ ಇಳಿದರೆ ಅವರ ಗತಿಯೂ ಇದೇ ಅನ್ನಿಸಿತು. ಸಂಜೆ ಶಾಲೆ ಬಿಟ್ಟ ಮೇಲೆ ಮತ್ತೆ ಆ ಮನೆಗೆ ಹೋದೆ. ಆಮೇಲೆ ದಿನವೂ ಹೋದೆ, ಎಂಜಿನಿಯರನ ತಾಯಿಯನ್ನು ಅಜ್ಜಿ ಎನ್ನತೊಡಗಿದೆ. ಅಜ್ಜಿ ನಿಧಾನವಾಗಿ ಮಾತಾಡಿದರೆ ನನಗೆ ಅರ್ಧ ತಿಳಿಯುತ್ತಿತ್ತು, ಕೈಸನ್ನೆಯಲ್ಲಿ ಇನ್ನು ಕಾಲು ಭಾಗ.

ಮನೆಗೆ ಬಂದು ಅಜ್ಜಿಯ ವಿಷಯ ಹೇಳುತ್ತಿದ್ದರೆ ಅತ್ತೆ ಬೇರೆ ಏನನ್ನೂ ಕೇಳಲಿಲ್ಲ. ಮಗ ಕೆಲಸಕ್ಕೆ ಹೋದ ಮೇಲೆ ಆಯಮ್ಮ ಯಾರ ಜೊತೆ ಮಾತಾಡುತ್ತಾರೆ ಎಂದು ಕೇಳಿದರು. ಯಾರ ಜೊತೆಯೂ ಇಲ್ಲ, ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ ಅಂದೆ.

“ಇಲ್ಲಿಗೆ ಕರ್ಕೊಂಡು ಬಾ” ಅಂದರು ಅತ್ತೆ. “ಮಾತು ಬರದ ಊರಲ್ಲಿ ಕೂತಿರೋದು ಹೆಂಗಿರ್ತದೆ ಅಂತ ನಂಗೊತ್ತು ಕಣಮ್ಮ.”

ಅವರೆಕಾಯಿಯ ಕಾಲ. ಹೊಸಕೋಟೆ ಸಂತೆಯ ತುಂಬಾ ಸೊಗಡಿನ ವಾಸನೆ. ಅಜ್ಜಿ ಬಂದ ದಿನ ಅತ್ತೆ ಜಗುಲಿಯ ಮೇಲೆ ಕಾಯಿ ಸುರಿದುಕೊಂಡು ಸುಲಿಯುತ್ತಿದ್ದರು. ಅಜ್ಜಿಗೆ ಯಾರೂ ಹೇಳಬೇಕಾಗಲಿಲ್ಲ. ಪಕ್ಕದಲ್ಲಿ ಕೂತು ಒಂದು ಕಾಯಿ ಎತ್ತಿಕೊಂಡು ನೋಡಿ ಸುಲಿಯತೊಡಗಿದರು. ನೆನೆಸಿದ ಕಾಳನ್ನು ಎರಡು ಬೆರಳಿನ ನಡುವೆ ಹಿಸುಕಿ ಸಿಪ್ಪೆ ಬಿಡಿಸುವುದು ಮಾತ್ರ ಮೊದಲು ಬರಲಿಲ್ಲ, ಕಾಳು ಎಗರಿ ಬೀದಿಗೆ ಬೀಳುತ್ತಿತ್ತು. ಇಬ್ಬರೂ ನಕ್ಕರು.

ಮರುದಿನದಿಂದ ನಾನು ಕರೆತರುವುದೂ ಬೇಕಾಗಲಿಲ್ಲ. ಶಾಲೆಯಿಂದ ಬರುವ ಹೊತ್ತಿಗೆ ಇಬ್ಬರೂ ಜಗುಲಿಯ ಮೇಲಿರುತ್ತಿದ್ದರು. ಅತ್ತೆ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಏನೋ ಹೇಳುವುದು, ಅಜ್ಜಿ ತಮ್ಮ ಕರಾವಳಿಯ ಮಾತಿನಲ್ಲಿ ಏನೋ ಹೇಳುವುದು, ನಡುವೆ ಇಬ್ಬರೂ ತಲೆ ಆಡಿಸುವುದು. ನಾನು ಭಾಷಾಂತರ ಮಾಡಲು ಕೂತರೆ ಮಾತು ನಿಂತುಹೋಗುತ್ತಿತ್ತು. ಹೋಗಿ ಮುಖ ತೊಳೆದುಕೊಂಡು ಕಾಫಿ ಕುಡಿ ಎಂದು ಅತ್ತೆ ನನ್ನನ್ನು ಒಳಗೆ ಕಳಿಸಿಬಿಡುತ್ತಿದ್ದರು. ಅಜ್ಜಿಗೆ ಸೊಸೆ ಇಲ್ಲ, ಒಬ್ಬ ತಂಗಿ ಇದ್ದಾಳೆ, ಅವಳ ಮಂಡಿ ನೋವಿಗೆ ಆಪರೇಷನ್ ಆಗಬೇಕು ಎಂಬುದೆಲ್ಲ ನನಗಿಂತ ಮೊದಲು ಅತ್ತೆಗೆ ಗೊತ್ತಾಗಿತ್ತು. ಹೇಗೆ ಎಂದು ನಾನು ಕೇಳಿದರೆ, ಹೇಳಿದರಲ್ಲ ಎನ್ನುತ್ತಿದ್ದರು.

ನನ್ನ ಪಾಠ ನಡೆಯುತ್ತಿದ್ದದ್ದು ಅಜ್ಜಿಯನ್ನು ಅವರ ಮನೆಗೆ ಬಿಡಲು ಹೋಗುವ ದಾರಿಯಲ್ಲಿ. ಬೀದಿಯಲ್ಲಿ ಕಂಡದ್ದಕ್ಕೆಲ್ಲ ಅವರ ಹಳ್ಳಿಯ ಹೆಸರು ಕೇಳುತ್ತಿದ್ದೆ. ವೇಲ್ಸಿನ ಭಾಷೆಯನ್ನೂ ಓದುತ್ತೇನೆ ಎಂದು ಒಮ್ಮೆ ಹೇಳಿದಾಗ, ಅಲ್ಲಿ ನಿನಗೆ ಯಾರಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಅಂದೆ. ನಿಮ್ಮ ಮನೆಯಲ್ಲಿ ಕುರಿ ಇದ್ದಿದ್ದರೆ ನಿನಗೆ ಇಷ್ಟೆಲ್ಲ ಓದಲು ಪುರಸೊತ್ತು ಸಿಗುತ್ತಿರಲಿಲ್ಲ ಎಂದರು. ಅಷ್ಟು ಉದ್ದದ ಮಾತು ನನಗೆ ಪೂರ್ತಿ ತಿಳಿದದ್ದು ಅದೇ ಮೊದಲು.

ಸಂಕ್ರಾಂತಿ ಹತ್ತಿರ ಬಂದಾಗ ಅಜ್ಜಿ ಸೊರಗಿದರು. ತಟ್ಟೆಯಲ್ಲಿ ಹಾಕಿದ್ದನ್ನು ಬಿಡುತ್ತಿದ್ದರು. ಒಂದು ಸಂಜೆ ದಾರಿಯಲ್ಲಿ ಸುಸ್ತಾಗಿ ಒಂದು ಮನೆಯ ಕಟ್ಟೆಯ ಮೇಲೆ ಕೂತರು. ನಾನೂ ಕೂತೆ. ಅವರು ನನ್ನ ಮುಖ ನೋಡದೆ, “ಎಗ್ ವಿಲ್ ಹೇಮ್” ಎಂದರು. ನಾನು ಮನೆಗೆ ಹೋಗಬೇಕು. ನನ್ನ ಪುಸ್ತಕದಲ್ಲಿ ಈ ವಾಕ್ಯ ಬೇರೆ ಥರ ಇತ್ತು, ಆದರೆ ಅದಕ್ಕೆ ಪುಸ್ತಕ ಬೇಕಿರಲಿಲ್ಲ. ವಸಂತದಲ್ಲಿ ಕುರಿಗಳು ಮರಿ ಹಾಕುತ್ತವೆ, ಈಗ ಅವನ್ನು ನೋಡಿಕೊಳ್ಳುತ್ತಿರುವ ಮಂಡಿ ನೋವಿನ ತಂಗಿಯ ಕೈಲಿ ಅದು ಆಗುವುದಿಲ್ಲ. ಮಗ ಅಷ್ಟು ಆಸೆಪಟ್ಟು ಕರೆತಂದಿದ್ದಾನೆ, ಮಳೆಗಾಲದವರೆಗೆ ಇರು ಎಂದಿದ್ದಾನೆ. ಅವನಿಗೆ ಹೇಗೆ ಹೇಳುವುದು? ಇಷ್ಟನ್ನು ಹೇಳಿ, ಅವನಿಗೆ ಹೇಳಬೇಡ ಎಂದು ನನ್ನ ಕೈ ಅದುಮಿದರು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆಗೆ ಅದು ಹೊಸ ವಿಷಯವಾಗಿರಲಿಲ್ಲ. ಆಯಮ್ಮ ವಾರದಿಂದ ಅದನ್ನೇ ಹೇಳುತ್ತಿದ್ದಾರೆ, ಆದರೆ ತಾನು ಹೇಳಿದರೆ ಆ ಹುಡುಗನಿಗೆ ಅರ್ಥವಾಗುವುದಿಲ್ಲವಲ್ಲ ಅಂದರು.

“ಅವನಿಗೆ ಹೇಳೋದು ಬೇಡ ಅಂದವ್ರೆ ಅತ್ತೆ” ಅಂದೆ.

“ಬೇಡ ಅನ್ನದೆ ಇನ್ನೇನಂತಾರೆ? ಮಗನಿಗೆ ನೋವಾಗ್ತದೆ ಅಂತ ಊಟ ಬಿಟ್ಟು ಕೂತವ್ರೆ. ನಡಿ, ನಾನೂ ಬರ್ತೀನಿ.”

ಭಾನುವಾರ ಇಬ್ಬರೂ ಹೋದೆವು. ಅಜ್ಜಿ ಸ್ನಾನಕ್ಕೆ ಹೋಗಿದ್ದರು. ನಾನು ಇಂಗ್ಲಿಷಿನಲ್ಲಿ ಶುರು ಮಾಡಿ, ಅರ್ಧದಲ್ಲಿ ನಿಲ್ಲಿಸಿ, ಎಂಜಿನಿಯರಿಗೆ ಅವನ ತಾಯಿ ಹೇಳಿದ ಮಾತನ್ನು ಅವರು ಹೇಳಿದ ಹಾಗೆಯೇ, ಆ ಕರಾವಳಿಯ ಉಚ್ಚಾರದಲ್ಲೇ ಹೇಳಿದೆ. ದಿನಾ ಸಂಜೆ ಕೇಳುತ್ತೇನೆ, ಎಲ್ಲ ಚೆನ್ನಾಗಿದೆ ಅನ್ನುತ್ತಿದ್ದರು ಎಂದ. ಆಮೇಲೆ ನನಗೆ ಮೊದಲ ಸಲ ತನ್ನ ಭಾಷೆಯಲ್ಲೇ ಥ್ಯಾಂಕ್ಸ್ ಹೇಳಿದ. ಅತ್ತೆ ಎದ್ದು ಹೋಗಿ ಅವನ ಬೆನ್ನು ಸವರಿದರು.

ಅಜ್ಜಿಗೆ ನನ್ನ ಮೇಲೆ ಸಿಟ್ಟು ಬಂತು. ಮರುದಿನ ಜಗುಲಿಗೆ ಬಂದವರು ನನ್ನನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡು, ನನಗೆ ತಿಳಿಯಲಿ ಎಂದು ಒಂದೊಂದೇ ಪದ ಬಿಡಿಸಿ, ಅದು ತಾನೇ ಮಗನಿಗೆ ಹೇಳಬೇಕಾದ ಮಾತಾಗಿತ್ತು ಎಂದರು. ಹೌದು ಅಂದೆ. ಅವರು ಕೂತು ಅವರೆಕಾಳು ಹಿಸುಕತೊಡಗಿದರು. ರಾತ್ರಿಯ ಊಟಕ್ಕೆ ಅತ್ತೆ ಅವರನ್ನೂ ಮಗನನ್ನೂ ಕರೆದರು. ಅಜ್ಜಿ ಹಿತಕಿದ ಅವರೆ ಸಾರಿನಲ್ಲಿ ಮುದ್ದೆ ಮುರಿದು ತಿಂದು ಇನ್ನೊಂದು ಸೌಟು ಹಾಕಿಸಿಕೊಂಡರು.

ಹಬ್ಬ ಕಳೆದು ಒಂದು ವಾರಕ್ಕೆ ಅವರು ಹೊರಟರು. ಹೊರಡುವ ದಿನ ಅತ್ತೆಗೆ ಉಣ್ಣೆಯ ಕಾಲುಚೀಲ ಕೊಟ್ಟರು, ತಮ್ಮ ಕುರಿಗಳದ್ದೇ ಉಣ್ಣೆ. ಅತ್ತೆ ಒಂದು ಡಬ್ಬಿಯಲ್ಲಿ ಒಣಗಿಸಿದ ಅವರೆಕಾಳು ತುಂಬಿಕೊಟ್ಟರು. ನನಗೆ ಅಜ್ಜಿ ಏನೂ ಕೊಡಲಿಲ್ಲ, ಕೆನ್ನೆ ಮುಟ್ಟಿ ಅವರ ಕಡೆಯ ಮಾತಿನಲ್ಲಿ ಇನ್ನೂ ಚೆನ್ನಾಗಿ ಕಲಿ ಎಂದರು. ಏಪ್ರಿಲ್ ಮುಗಿಯುವ ಹೊತ್ತಿಗೆ ಒಂದು ಕಾರ್ಡು ಬಂತು. ಮರಿಗಳೆಲ್ಲ ಚೆನ್ನಾಗಿವೆ ಎಂದು ಬರೆದಿದ್ದರು. ಅತ್ತೆಗೆ ಓದಿ ಹೇಳಿದಾಗ, ತಂಗಿಯ ಮಂಡಿ ವಿಷಯ ಬರೆದಿಲ್ಲವೇ ಎಂದು ಕೇಳಿದರು. ಬರೆದಿರಲಿಲ್ಲ. ಬರೆದು ಕೇಳು ಅಂದರು, ಕೇಳಿದೆ.

ಎಂಜಿನಿಯರ್ ಯಂತ್ರ ಓಡಿಸಿ ತೋರಿಸಿ ಮಳೆಗಾಲದಲ್ಲಿ ಹೊರಟ. ಹೋಗುವ ಮೊದಲು, ಊರಿನಿಂದ ಏನಾದರೂ ಕಳಿಸಲೇ ಎಂದು ಕೇಳಿದ. ಸಾಧ್ಯವಾದರೆ ವೇಲ್ಸಿನ ಭಾಷೆ ಮಾತಾಡುವ ಯಾರದ್ದಾದರೂ ದನಿ ಕಳಿಸಿ ಅಂದೆ. ನಾರ್ವೆಯವನ ಹತ್ತಿರ ವೇಲ್ಸ್ ಕೇಳುತ್ತೀರಲ್ಲ ಎಂದು ನಕ್ಕ. ಆದರೆ ಮರೆಯಲಿಲ್ಲ. ಮರುವರ್ಷ ಒಂದು ಕ್ಯಾಸೆಟ್ ಬಂತು. ಅವನ ಜೊತೆ ಕೆಲಸ ಮಾಡುವವರೊಬ್ಬರ ಹೆಂಡತಿ ವೇಲ್ಸಿನವಳಂತೆ. ತನ್ನ ಅಡುಗೆಮನೆಯಲ್ಲಿ ಕೂತು ಕ್ಯಾಸೆಟ್ಟಿನ ಒಂದು ಕಡೆ ತಾನು ಬೆಳಿಗ್ಗೆಯಿಂದ ಮಾಡಿದ ಕೆಲಸವನ್ನೆಲ್ಲ ಹೇಳಿದ್ದಳು. ಇನ್ನೊಂದು ಕಡೆ, ತವರಿಗೆ ಹೋದಾಗ ರೇಡಿಯೋದಿಂದ ಹಿಡಿದಿದ್ದ ಹವಾಮಾನ ವರದಿ.

ಭಾನುವಾರ ಮಧ್ಯಾಹ್ನ ಟೇಪ್‌ರೆಕಾರ್ಡರ್ ಮುಂದೆ ಕೂತು ಕೇಳಿದೆ. ಇಷ್ಟು ವರ್ಷ ನಾನು ಕಾಗದದ ಮೇಲೆ ಮಾತ್ರ ನೋಡಿದ್ದ ಭಾಷೆ ಹರಿಯುತ್ತಿತ್ತು, ನನಗೆ ಹಿಡಿಯಲಾಗುತ್ತಿರಲಿಲ್ಲ. ಕಪ್ಪು ಬಣ್ಣಕ್ಕೆ ನಾನು ‘ದೂ’ ಅನ್ನುತ್ತಿದ್ದೆ, ಅವಳು ‘ದೀ’ ಅಂದಳು. ‘ಅವನ’ ಎಂಬ ಪದವನ್ನು ಅಕ್ಷರ ನೋಡಿ ‘ಎಯ್’ ಎಂದು ಓದಿಕೊಂಡಿದ್ದೆ, ಅದು ಬರೀ ‘ಇ’ ಆಗಿತ್ತು. ನನ್ನ ಪುಸ್ತಕದಲ್ಲಿ ಕಿತ್ತುಹೋದ ಮೊದಲ ಪುಟಗಳಲ್ಲಿ ಇದೆಲ್ಲ ಇದ್ದಿರಬೇಕು. ಗಾಳಿ ಊದುವ ಲಕಾರ ಮಾತ್ರ ನಾನು ಮಾಡಿಕೊಂಡಿದ್ದ ಹಾಗೆಯೇ ಇತ್ತು. ಅದನ್ನು ಕೇಳಿ ಅತ್ತೆ ಒಳಗಿನಿಂದ ಬಂದು, ಈ ಕ್ಯಾಸೆಟ್ಟಿನ ಹೆಂಗಸೂ ನಿನ್ನ ಹಾಗೇ ಮಾಡ್ತಾಳಲ್ಲ ಎಂದು ಹೇಳಿ ಪಕ್ಕದಲ್ಲಿ ಕೂತರು.

ಕ್ಯಾಸೆಟ್ ತಿರುಗಿಸಿ ಹಾಕಿದೆ. ಹವಾಮಾನದವನು ಬೇಗ ಬೇಗ ಓದುತ್ತಿದ್ದ. ಮಳೆ, ಗಾಳಿ, ನಾಳೆ, ಇವಿಷ್ಟು ಸಿಕ್ಕವು. ಮತ್ತೆ ಹಿಂದಕ್ಕೆ ಓಡಿಸಿ ಕೇಳಿದೆ. ಏನಂತೆ ಎಂದು ಅತ್ತೆ ಕೇಳಿದರು. ನಾಳೆ ಮಳೆಯಂತೆ, ಜೊತೆಗೆ ಗಾಳಿಯೂ ಇರುತ್ತದಂತೆ ಅಂದೆ. ಅವರು ತಲೆ ಆಡಿಸಿದರು. ನಾನು ಕ್ಯಾಸೆಟ್ ಮೊದಲ ಕಡೆಗೆ ತಿರುಗಿಸಿ, ಆ ಹೆಂಗಸಿನ ಜೊತೆ ಜೊತೆಗೆ ಒಂದೊಂದೇ ಪದ ಹೇಳಲು ಶುರು ಮಾಡಿದೆ. ಅವಳು ಬೆಳಿಗ್ಗೆ ಎದ್ದು ಒಲೆ ಹಚ್ಚಿದ್ದಳು, ನಾಯಿಯನ್ನು ಹೊರಗೆ ಬಿಟ್ಟಿದ್ದಳು, ಹಾಲು ಇದೆಯೇ ಎಂದು ನೋಡಿದ್ದಳು.